ಮೂವತ್ತು ಎಂ.ಎಲ್., ಅದರ ಮೇಲೆ ಐದು: ತೋಳಿನ ನರಬ್ಲಾಕ್‌ನ ಒಂದು ಪ್ರಕರಣ

ರೋಗಿಗೆ 62 ವರ್ಷ, ತೂಕ 46 ಕೆ.ಜಿ. ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವುದು ಅವರ ಕೆಲಸ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಬ್ಬಿನ ಜೊತೆ ಬಲಗೈಯೂ ಉರುಳೆಗಳ ನಡುವೆ ಹೋಯಿತು. ಜೊತೆಗಿದ್ದವನು ಓಡಿಹೋಗಿ ಮೋಟಾರ್ ನಿಲ್ಲಿಸುವಷ್ಟರಲ್ಲಿ ಕಿರುಬೆರಳು, ಉಂಗುರದ ಬೆರಳು ಜಜ್ಜಿಹೋಗಿ, ಕೈಯ ಹಿಂಬದಿಯ ಚರ್ಮ ಸುಲಿದು, ಅಂಗೈಯ ಎರಡು ಮೂಳೆ ಮುರಿದಿದ್ದವು. ಗಾಯಕ್ಕೆ ಅರಿಶಿನ ಮೆತ್ತಿ, ಟವೆಲ್ ಸುತ್ತಿಕೊಂಡು, ಮಗನ ಬೈಕಿನಲ್ಲಿ ಮಂಡ್ಯಕ್ಕೆ ಬಂದರು. ಟವೆಲ್ ಬಿಚ್ಚಿದಾಗ ಗಾಯದೊಳಗೆ ಕಬ್ಬಿನ ಸಿಪ್ಪೆಯ ಎಳೆಗಳು ಕಾಣುತ್ತಿದ್ದವು. ನಾಳೆಗೆ ಮುಂದೂಡುವ ಗಾಯ ಅದಲ್ಲ.

ರೋಗಿಯ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಔಷಧದ ಲೆಕ್ಕವನ್ನಾಗಲಿ, ಹೊತ್ತನ್ನಾಗಲಿ ಮುಟ್ಟಿಲ್ಲ.

ಪೂರ್ತಿ ಅರಿವಳಿಕೆ ಕೊಡಬೇಕೋ, ನರಗಳ ಬಳಿ ಔಷಧ ಚುಚ್ಚಿ ಕೈಯನ್ನು ಮಾತ್ರ ಮರಗಟ್ಟಿಸುವ ಬ್ಲಾಕ್ ಕೊಡಬೇಕೋ ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ಯೋಚಿಸಬೇಕಿರಲಿಲ್ಲ. ಎಂಟೂವರೆಗೆ ಮುದ್ದೆ ಉಂಡು ಕೆಲಸಕ್ಕೆ ಹೋದವರು, ಹೊಟ್ಟೆ ತುಂಬಿತ್ತು. ನಲವತ್ತು ವರ್ಷದ ಬೀಡಿ, ಎದೆಗೆ ಸ್ಟೆತ್ ಇಟ್ಟರೆ ಎರಡೂ ಕಡೆ ಸಿಳ್ಳೆ. ಇಂಥವರ ಗಂಟಲಿಗೆ ಕೊಳವೆ ಹಾಕದೆ ಮುಗಿಸುವುದೇ ಲೇಸು. ಬ್ಲಾಕ್‌ನಲ್ಲೂ ಕೊರಳೆಲುಬಿನ ಮೇಲಿನದು ಬೇಡ, ಕಂಕುಳಿನದೇ ಇರಲಿ ಎಂದು ತೀರ್ಮಾನವಾಯಿತು. ಕೊರಳೆಲುಬಿನ ಮೇಲೆ ಕೊಟ್ಟ ಔಷಧ ಎಷ್ಟೋ ಸಲ ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ನರವನ್ನೂ ಹಿಡಿಯುತ್ತದೆ. ಆ ಬದಿಯ ವಪೆ ಕೆಲ ಗಂಟೆ ಸುಮ್ಮನಾಗುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಗೊತ್ತೂ ಆಗುವುದಿಲ್ಲ, ಬೀಡಿ ಸೇದಿ ಸವೆದ ಎದೆಗೆ ಗೊತ್ತಾಗುತ್ತದೆ. ಇಲ್ಲಿಯವರೆಗಿನ ನಿರ್ಧಾರಗಳಲ್ಲಿ ನನಗೆ ಈಗಲೂ ತಕರಾರಿಲ್ಲ.

ಬ್ಲಾಕ್ ಕೊಟ್ಟವರು ನನ್ನ ಸಹೋದ್ಯೋಗಿ, ನನ್ನಂತೆಯೇ ಅರಿವಳಿಕೆ ವೈದ್ಯರು. ಆಸ್ಪತ್ರೆಯಲ್ಲಿರುವುದು ಒಂದೇ ಅಲ್ಟ್ರಾಸೌಂಡ್ ಯಂತ್ರ, ಬೆಳಗಿನ ಹೊತ್ತು ಅದು ಸ್ಕ್ಯಾನಿಂಗ್ ಕೋಣೆ ಬಿಟ್ಟು ಕದಲುವುದಿಲ್ಲ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಪ್ರಕಾರ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಕಂಡಕಂಡಲ್ಲಿಗೆ ಹೊತ್ತೊಯ್ಯುವ ಹಾಗಿಲ್ಲ. ಹಾಗಾಗಿ ಥಿಯೇಟರಿಗೇ ಒಂದು ಯಂತ್ರ ಇಟ್ಟುಕೊಂಡ ಸಣ್ಣ ಆಸ್ಪತ್ರೆಗಳು ನಮ್ಮ ಕಡೆ ವಿರಳ. ನರವನ್ನು ಸಣ್ಣ ವಿದ್ಯುತ್ತಿನಿಂದ ಮಿಡಿಸಿ ಗುರುತಿಸುವ ಸ್ಟಿಮ್ಯುಲೇಟರ್ ಇಟ್ಟುಕೊಂಡು ಅವರು 11:10ಕ್ಕೆ ಶುರು ಮಾಡಿ 11:16ಕ್ಕೆ ಮುಗಿಸಿದರು. ಐದೈದು ಎಂ.ಎಲ್. ಕೊಟ್ಟು, ಪ್ರತಿ ಸಲ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡಿದ್ದರು. ಎಲ್ಲೂ ಬಂದಿಲ್ಲ. ಅಷ್ಟರಲ್ಲಿ ಪಕ್ಕದ ಥಿಯೇಟರಿನಲ್ಲಿ ತುರ್ತು ಸಿಸೇರಿಯನ್‌ಗೆ ಕರೆ ಬಂತು. 11:30ಕ್ಕೆ ರೋಗಿಯನ್ನು ನನಗೆ ಒಪ್ಪಿಸಿ ಹೋದರು. ಒಪ್ಪಿಸುವಾಗ ಹೇಳಿದ್ದು: "ಆಕ್ಸಿಲರಿ, ಹದಿನೈದು ಪ್ಲಸ್ ಹದಿನೈದು, ಚೆನ್ನಾಗಿ ಹಿಡ್ದಿದೆ."

ಆಕ್ಸಿಲರಿ ಅಂದರೆ ಕಂಕುಳಿನದು. ಹದಿನೈದು ಪ್ಲಸ್ ಹದಿನೈದು ಅಂದರೆ ಏನೆಂದು ಕರ್ನಾಟಕದ ಯಾವ ಥಿಯೇಟರಿನಲ್ಲೂ ಬಿಡಿಸಿ ಹೇಳಬೇಕಿಲ್ಲ. ಅಡ್ರಿನಲಿನ್ ಸೇರಿದ 2% ಲಿಗ್ನೊಕೇನ್ 15 ಎಂ.ಎಲ್., 0.5% ಬ್ಯುಪಿವಕೇನ್ 15 ಎಂ.ಎಲ್., ಮರಗಟ್ಟಿಸುವ ಈ ಎರಡು ಔಷಧಗಳನ್ನೂ ಬೆರೆಸಿದ ಮೂವತ್ತು. ಮೊದಲನೆಯದು ಬೇಗ ಹಿಡಿಯಲಿ, ಎರಡನೆಯದು ಹೆಚ್ಚು ಹೊತ್ತು ನಿಲ್ಲಲಿ ಎಂಬ ಆಸೆ. ಬೆರೆಸಿದರೆ ಸಿಗುವ ಲಾಭ ಅಂದುಕೊಂಡಷ್ಟಿಲ್ಲ. ಹಿಡಿಯುವುದು ಒಂದಿಷ್ಟು ಬೇಗವಾಗುತ್ತದೆ, ಆದರೆ ಬ್ಯುಪಿವಕೇನ್ ಒಂದನ್ನೇ ಕೊಟ್ಟಾಗ ಸಿಗುವಷ್ಟು ದೀರ್ಘ ಪರಿಣಾಮ ಸಿಗುವುದಿಲ್ಲ.

11:40ರಿಂದ 12:20

11:40ಕ್ಕೆ ತೋಳಿಗೆ ಟೂರ್ನಿಕೆ, ಅಂದರೆ ಕೈಗೆ ರಕ್ತ ಹರಿಯದಂತೆ ಬಿಗಿಯುವ ಪಟ್ಟಿ, ಏರಿಸಿದರು. ಯಜಮಾನರಿಗೆ ನಿದ್ದೆಯ ಔಷಧ ಏನನ್ನೂ ಕೊಟ್ಟಿರಲಿಲ್ಲ, ಎಚ್ಚರವಾಗಿದ್ದರು, ಅಚ್ಚುಬೆಲ್ಲದ ರೇಟು ಬಿದ್ದುಹೋದ ಕಥೆ ಹೇಳುತ್ತಿದ್ದರು. ಗಾಯ ತೊಳೆಯುತ್ತಿದ್ದದ್ದು ಅವರಿಗೆ ಗೊತ್ತಾಗಲಿಲ್ಲ, ಬ್ಲಾಕ್ ನಿಜಕ್ಕೂ ಚೆನ್ನಾಗಿಯೇ ಹಿಡಿದಿತ್ತು. ಆದರೆ ತೋಳಿನ ಒಳಬದಿಯಲ್ಲಿ ಪಟ್ಟಿ ಚಿವುಟಿದಂತಾಗುತ್ತಿದೆ ಎಂದರು. ಅದು ನಿರೀಕ್ಷಿತವೇ. ಆ ಜಾಗದ ಚರ್ಮಕ್ಕೆ ಬರುವ ನರ ಎದೆಯ ಪಕ್ಕೆಯಿಂದ ಬರುತ್ತದೆ, ಕಂಕುಳಿನ ಬ್ಲಾಕ್‌ಗೆ ಸಿಗುವುದಿಲ್ಲ. ಶಸ್ತ್ರಚಿಕಿತ್ಸಕರು ತಮ್ಮ ಟ್ರೇಯಲ್ಲಿದ್ದ ಬಾಟಲಿಯಿಂದ ಐದು ಎಂ.ಎಲ್. ಎಳೆದು, ಪಟ್ಟಿಯ ಮೇಲ್ಗಡೆ ಕಂಕುಳಿನ ಹತ್ತಿರ ಚರ್ಮದಡಿಗೆ ಹರಡಿದರು. ಆಗ 11:46. ನಾನು ರೋಗಿಯ ತಲೆಯ ಬಳಿ ಕೇಸ್‌ಶೀಟ್ ಬರೆಯುತ್ತಿದ್ದೆ, ನಡುವೆ ಹಸಿರು ಪರದೆ. ಕೊಟ್ಟಾದ ಮೇಲೆ, "ಮೇಡಂ, ಸ್ವಲ್ಪ ಲೋಕಲ್ ಹಾಕ್ದೆ" ಅಂದರು. ಯಾವ ಬಾಟಲಿ, ಎಷ್ಟು ಎಂದು ಕೇಳಿದೆ. ಅಡ್ರಿನಲಿನ್ ಇಲ್ಲದ 2% ಲಿಗ್ನೊಕೇನ್, ಐದು.

ಕೂಡುವ ಲೆಕ್ಕವನ್ನು ಕೇಸ್‌ಶೀಟಿನ ಅಂಚಿನಲ್ಲಿ ಬರೆಯುತ್ತಿರುವಾಗಲೇ ಯಜಮಾನರ ಮಾತಿನ ವೇಗ ಬದಲಾಯಿತು. ಬೆಲ್ಲದ ರೇಟಿನಿಂದ ಎಲ್ಲಿಗೋ ಹೋದರು, ಒಂದು ವಾಕ್ಯ ಮುಗಿಯುವ ಮುನ್ನ ಇನ್ನೊಂದು. ನೋವಿಲ್ಲದ ಖುಷಿ ಎಂದುಕೊಳ್ಳಬಹುದಾದ ಮಾತು ಅದು. ಹಾಗೆ ಅಂದುಕೊಂಡೇ ಎಷ್ಟೋ ಕಡೆ ಮೊದಲ ಎರಡು ನಿಮಿಷ ಕೈಜಾರುತ್ತದೆ. "ಯಜಮಾನ್ರೇ, ಬಾಯಿಗೆ ಏನಾದ್ರೂ ಆಗ್ತಿದ್ಯಾ?" ಎಂದು ಕೇಳಿದೆ.

"ತುಟಿಯೆಲ್ಲ ಜುಮ್ಮಂತವೆ ಕಣವ್ವ. ಕಿವೀಲಿ ಗುಂಯ್ ಅಂತದೆ. ನಾಲ್ಗೆ ಮ್ಯಾಲೆ ಕಬ್ಬುಣ ಮಡಗ್ದಂಗದೆ."

ಮರಗಟ್ಟಿಸುವ ಔಷಧದ ನಂಜಿಗೆ ಪಠ್ಯಪುಸ್ತಕದಲ್ಲಿರುವ ಮೂರೂ ಲಕ್ಷಣಗಳನ್ನು ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದರು. ಆಗ 11:52. ಬ್ಲಾಕ್ ಮುಗಿದು 36 ನಿಮಿಷ, ಮೇಲಿನ ಐದು ಎಂ.ಎಲ್. ಕೊಟ್ಟು 6 ನಿಮಿಷ. ಶಸ್ತ್ರಚಿಕಿತ್ಸಕರಿಗೆ ಕೆಲಸ ನಿಲ್ಲಿಸಲು ಹೇಳಿ, ಮುಖಕ್ಕೆ ಆಮ್ಲಜನಕ ಕೊಟ್ಟು, ಪಕ್ಕದ ಥಿಯೇಟರಿನ ಸಹೋದ್ಯೋಗಿಗೆ ಹೇಳಿಕಳಿಸಿ, ವಾರ್ಡ್‌ಬಾಯ್‌ನನ್ನು ಕೆಳಗಿನ ಫಾರ್ಮಸಿಗೆ ಓಡಿಸಿದೆ. ಈ ನಂಜಿಗೆ ಬೇಕಾಗಿದ್ದದ್ದು 20% ಲಿಪಿಡ್ ಎಮಲ್ಶನ್. ಊಟ ಮಾಡಲಾಗದ ಐಸಿಯು ರೋಗಿಗಳಿಗೆ ರಕ್ತನಾಳದ ಮೂಲಕ ಕೊಡುವ, ಹಾಲಿನಂತಿರುವ ಕೊಬ್ಬಿನ ದ್ರವ ಅದು.

11:54ಕ್ಕೆ ತುಟಿಯ ಕೊನೆ ಅದುರಿತು, ಕೂಡಲೇ ಮೈಯೆಲ್ಲ ಫಿಟ್ಸ್. ಮಿಡಜೋಲಾಮ್ ಎರಡು ಮಿ.ಗ್ರಾಂ., ಮತ್ತೆರಡು. ಫಿಟ್ಸ್ ನಿಂತಿತು, ಉಸಿರೂ ತೆಳುವಾಯಿತು. ಆಮ್ಲಜನಕದ ಮಟ್ಟ 84ಕ್ಕೆ ಇಳಿಯಿತು. ಹೊಟ್ಟೆ ತುಂಬಿದ್ದರಿಂದ ಯಾವುದನ್ನು ತಪ್ಪಿಸಲು ಬ್ಲಾಕ್ ಆರಿಸಿದ್ದೆವೋ ಅದೇ ಕೊಳವೆಯನ್ನು ಈಗ ಹಾಕಬೇಕಾಯಿತು. ಹಾಕಿ ಚೆನ್ನಾಗಿ ಉಸಿರಾಡಿಸಿದೆವು. ಇಲ್ಲಿ ಉಸಿರಾಟ ಬರೀ ಆಮ್ಲಜನಕದ ಪ್ರಶ್ನೆಯಲ್ಲ. ಇಂಗಾಲದ ಡೈಆಕ್ಸೈಡ್ ಏರಿ ರಕ್ತ ಆಮ್ಲೀಯವಾದರೆ ಪ್ರೋಟೀನಿಗೆ ಅಂಟಿಕೊಂಡಿದ್ದ ಔಷಧ ಬಿಡುಗಡೆಯಾಗುತ್ತದೆ, ಮಿದುಳಿಗೆ ಹೆಚ್ಚು ರಕ್ತ ಹರಿದು ಹೆಚ್ಚು ಔಷಧ ತಲುಪುತ್ತದೆ, ಒಳಗೆ ಹೋದದ್ದು ಅಯಾನುಗಳಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಫಿಟ್ಸ್‌ನಿಂದ ಆಮ್ಲ, ಆಮ್ಲದಿಂದ ಮತ್ತಷ್ಟು ಫಿಟ್ಸ್. ಆ ಸುತ್ತನ್ನು ಕತ್ತರಿಸುವುದು ಕೈಯಿಂದ ಒತ್ತಿ ಉಸಿರು ಕೊಡುವ ಆಂಬುಬ್ಯಾಗು.

ಆಮೇಲೆ ಹೃದಯದ ಸರದಿ. ನಾಡಿ 48, ಬಿಪಿ 70/40. ಮಾನಿಟರಿನಲ್ಲಿ ಕ್ಯೂಆರ್‌ಎಸ್, ಅಂದರೆ ಹೃದಯದ ಕೆಳಕೋಣೆಗಳಾದ ವೆಂಟ್ರಿಕಲ್‌ಗಳ ಬಡಿತ ತೋರಿಸುವ ಅಲೆ, ಅಗಲವಾಯಿತು, ನಡುನಡುವೆ ವೆಂಟ್ರಿಕಲ್‌ನ ಹೆಚ್ಚುವರಿ ಬಡಿತಗಳು. ಸಿಸ್ಟರ್ ಅನುಭವಸ್ಥೆ, ಐಸಿಯುನಲ್ಲಿ ಪಳಗಿದವರು, ಹೇಳುವ ಮೊದಲೇ ಔಷಧ ಕೈಗೆ ತಂದುಕೊಳ್ಳುವವರು. "ಮೇಡಂ, ಜೈಲೊಕಾರ್ಡ್ ಲೋಡ್ ಮಾಡ್ಲಾ?" ಎಂದರು. ಹೆಚ್ಚುವರಿ ಬಡಿತಕ್ಕೆ ಜೈಲೊಕಾರ್ಡ್ ಎಂಬುದು ಬೇರೆ ದಿನ ಸರಿಯಾದ ಉತ್ತರವೇ. ಆದರೆ ಜೈಲೊಕಾರ್ಡ್ ಎಂದರೆ ಹೃದಯಕ್ಕೆಂದು ಬೇರೆ ಹೆಸರಿನಲ್ಲಿ ಬರುವ ಲಿಗ್ನೊಕೇನೇ. ಯಾವುದರಿಂದ ನಂಜಾಗಿದೆಯೋ ಅದನ್ನೇ ನೇರ ರಕ್ತನಾಳಕ್ಕೆ ಕೊಟ್ಟಂತಾಗುತ್ತಿತ್ತು. ಸಿಸ್ಟರ್‌ನ ದೂರುವಂತಿಲ್ಲ. ಬಾಟಲಿಯ ಹೆಸರು ಬೇರೆ, ಇಡುವ ಕಪಾಟು ಬೇರೆ, ಒಳಗಿನದು ಒಂದೇ ಎಂದು ಗಡಿಬಿಡಿಯಲ್ಲಿ ಯಾರಿಗೆ ಹೊಳೆಯುತ್ತದೆ?

"ಟೂರ್ನಿಕೆ ಬಿಚ್ಲಾ ಮೇಡಂ?" ಎಂದು ಇನ್ನೊಂದು ಕಡೆಯಿಂದ ಪ್ರಶ್ನೆ. "ಈಗ್ಲೇ ಬೇಡ ಸರ್." ಕಟ್ಟಿ ಕಾಲು ಗಂಟೆಯಾಗಿತ್ತಷ್ಟೆ, ಕೈ ಇನ್ನೂ ಒಂದು ಗಂಟೆ ತಡೆಯುತ್ತದೆ. ಬಿಚ್ಚಿದರೆ ಆ ಕೈಯಲ್ಲಿ ಕೂಡಿಟ್ಟಿದ್ದ ಆಮ್ಲ ಒಮ್ಮೆಲೇ ಒಳಗೆ ಬರುತ್ತದೆ, ಬಿಪಿ ಇನ್ನೊಂದಿಷ್ಟು ಕುಸಿಯುತ್ತದೆ.

ಲಿಪಿಡ್ ಬಾಟಲಿ 12 ಗಂಟೆಗೆ ಬಂತು. ಕೆ.ಜಿ.ಗೆ 1.5 ಎಂ.ಎಲ್., 46 ಕೆ.ಜಿ.ಗೆ 69. ಐವತ್ತರ ಸಿರಿಂಜಿನಲ್ಲಿ ಒಂದು ತುಂಬ, ಮತ್ತೊಂದರಲ್ಲಿ ಇಪ್ಪತ್ತು, ಎರಡು ಮೂರು ನಿಮಿಷದಲ್ಲಿ 70 ಎಂ.ಎಲ್. ಕೊಟ್ಟಾಯಿತು. ನಂತರ ನಿಮಿಷಕ್ಕೆ ಕೆ.ಜಿ.ಗೆ 0.25 ಎಂ.ಎಲ್., ಅಂದರೆ ನಿಮಿಷಕ್ಕೆ ಹನ್ನೊಂದೂವರೆ. ಎಂ.ಎಲ್.ಗೆ 20 ಹನಿಯ ನಮ್ಮ ಸಾಮಾನ್ಯ ಡ್ರಿಪ್ ಸೆಟ್‌ನಲ್ಲಿ ಅದು ನಿಮಿಷಕ್ಕೆ 230 ಹನಿ. ಎಣಿಸುವ ಮಾತೇ ಇಲ್ಲ, ಚಕ್ರ ಪೂರ್ತಿ ಬಿಟ್ಟು ಬಾಟಲಿಯ ಗೆರೆ ನೋಡುತ್ತಿರಬೇಕು. ಜೊತೆಗೆ ಅಡ್ರಿನಲಿನ್ 30 ಮೈಕ್ರೊಗ್ರಾಂ ಒಮ್ಮೆ. ಹೃದಯ ನಿಂತವರಿಗೆ ಕೊಡುವ ಒಂದು ಮಿ.ಗ್ರಾಂ. ಇಲ್ಲಿ ಸಲ್ಲದು, ಕೆ.ಜಿ.ಗೆ ಒಂದು ಮೈಕ್ರೊಗ್ರಾಂ ಮೀರಬಾರದು. ಹೆಚ್ಚು ಕೊಟ್ಟರೆ ಬಡಿತದ ತಾಳ ಇನ್ನಷ್ಟು ಕೆಡುತ್ತದೆ.

12:05ರ ಹೊತ್ತಿಗೆ ಕ್ಯೂಆರ್‌ಎಸ್ ಕಿರಿದಾಯಿತು, ಬಿಪಿ 100 ದಾಟಿತು. ಸರಿಹೋದ ಮೇಲೂ ಹತ್ತು ಹದಿನೈದು ನಿಮಿಷ ಲಿಪಿಡ್ ಹರಿಯುತ್ತಿರಬೇಕು. 250ರ ಒಂದು ಬಾಟಲಿ ಅಲ್ಲಿಗಲ್ಲಿಗೆ ಸರಿಹೋಯಿತು. ಎರಡನೆಯದನ್ನು ತರಿಸಿ ಪಕ್ಕದಲ್ಲಿ ಇಟ್ಟುಕೊಂಡಿದ್ದೆವು, ಒಡೆಯುವ ಪ್ರಮೇಯ ಬರಲಿಲ್ಲ. ಎದೆ ಒತ್ತಬೇಕಾಗಿಯೂ ಬರಲಿಲ್ಲ. ಟೂರ್ನಿಕೆಯನ್ನು 12:20ಕ್ಕೆ ನಿಧಾನವಾಗಿ ಇಳಿಸಿದರು. ಅದಾದ ಮೇಲೆ ಗಾಯ ಸ್ವಚ್ಛ ಮಾಡಿ, ಮುರಿದ ಮೂಳೆಗಳಿಗೆ ತಂತಿ ತೂರಿಸಿ, ಸ್ನಾಯುರಜ್ಜು ಜೋಡಿಸುವ ಕೆಲಸವನ್ನು ಮುಂದಕ್ಕೆ ಹಾಕಿ ಐಸಿಯುಗೆ ಕಳಿಸಿದೆವು.

ಎಲ್ಲರ ಲೆಕ್ಕವೂ ಸರಿಯಿತ್ತು

2% ಎಂದರೆ ಒಂದು ಎಂ.ಎಲ್.ನಲ್ಲಿ 20 ಮಿ.ಗ್ರಾಂ., 0.5% ಎಂದರೆ 5 ಮಿ.ಗ್ರಾಂ. ಹದಿನೈದು ಎಂ.ಎಲ್. ಲಿಗ್ನೊಕೇನ್ 300 ಮಿ.ಗ್ರಾಂ. ಆಯಿತು. ಅಡ್ರಿನಲಿನ್ ಸೇರಿದ್ದಕ್ಕೆ ರೂಢಿಯ ಮಿತಿ ಕೆ.ಜಿ.ಗೆ 7, ಈ ರೋಗಿಗೆ 322. ಮಿತಿಯೊಳಗೇ ಇದೆ. ಬ್ಯುಪಿವಕೇನ್ 75 ಮಿ.ಗ್ರಾಂ., ಮಿತಿ ಕೆ.ಜಿ.ಗೆ 2ರಂತೆ 92. ಅದೂ ಒಳಗೇ. ಶಸ್ತ್ರಚಿಕಿತ್ಸಕರ ಲಿಗ್ನೊಕೇನ್ 100 ಮಿ.ಗ್ರಾಂ., ಅಡ್ರಿನಲಿನ್ ಇಲ್ಲದ್ದಕ್ಕೆ ಮಿತಿ ಕೆ.ಜಿ.ಗೆ 3ರಂತೆ 138. ಅದೂ ಒಳಗೇ. ಮನೆಯ ಮೂವರು ಒಂದೇ ಅಂಗಡಿಯಲ್ಲಿ ಬೇರೆ ಬೇರೆ ಸಾಲ ಬರೆಸಿ, ನನ್ನದು ಹೆಚ್ಚೇನಿಲ್ಲ ಎಂದುಕೊಂಡ ಹಾಗೆ.

ಈ ಔಷಧಗಳ ನಂಜು ಒಂದಕ್ಕೊಂದು ಕೂಡುತ್ತದೆ. ಹೃದಯಕ್ಕೂ ಮಿದುಳಿಗೂ ಲಿಗ್ನೊಕೇನಿನ ಖಾತೆ ಬೇರೆ, ಬ್ಯುಪಿವಕೇನಿನ ಖಾತೆ ಬೇರೆ ಎಂದಿಲ್ಲ, ಜೀವಕೋಶಗಳೊಳಗೆ ಸೋಡಿಯಂ ಹೋಗುವ ಅದೇ ಬಾಗಿಲುಗಳಿಗೆ ಎರಡೂ ಅಡ್ಡ ನಿಲ್ಲುತ್ತವೆ. ಹಾಗಾಗಿ ಪ್ರತಿಯೊಂದೂ ತನ್ನ ಮಿತಿಯ ಎಷ್ಟು ಪಾಲು ಎಂದು ನೋಡಿ ಕೂಡಬೇಕು. ಲಿಗ್ನೊಕೇನ್ ನೂರಕ್ಕೆ 93, ಬ್ಯುಪಿವಕೇನ್ 82, ಎರಡೂ ಸೇರಿ ಬ್ಲಾಕ್ ಒಂದೇ 175. ಮೇಲಿನ ಐದು ಎಂ.ಎಲ್. 72. ಒಟ್ಟು 247. ಮಿತಿಯ ಎರಡೂವರೆ ಪಟ್ಟು, ಅದೂ ಯಾರೊಬ್ಬರೂ ತಮ್ಮ ಗೆರೆ ದಾಟದೆ.

"ಹದಿನೈದು ಪ್ಲಸ್ ಹದಿನೈದು ಎಷ್ಟು ವರ್ಷದಿಂದ ಕೊಡ್ತಿದೀವಿ, ಏನಾಗಿದೆ?" ಎಂಬ ಮಾತು ಆಮೇಲಿನ ಚರ್ಚೆಯಲ್ಲಿ ಬಂತು, ಬರಬೇಕಾದದ್ದೇ. ಅದೇ ಮಿಶ್ರಣವನ್ನು 70 ಕೆ.ಜಿ.ಯವರಿಗೆ ಹಾಕಿ ನೋಡಿ: 61 ಮತ್ತು 54, ಒಟ್ಟು 115. ಗೆರೆ ಸ್ವಲ್ಪ ದಾಟಿದೆ, ಬಹುಪಾಲು ಮಂದಿ ತಡೆದುಕೊಳ್ಳುತ್ತಾರೆ. ಈ ರೂಢಿ ಉಳಿದುಬಂದಿರುವುದು ಗಟ್ಟಿ ಮೈಯವರ ದೆಸೆಯಿಂದ. ಎಂ.ಎಲ್.ನಲ್ಲಿ ಮಾತಾಡುವ ಅಭ್ಯಾಸವಿರುವವರೆಗೆ 46 ಕೆ.ಜಿ.ಯ ಮನುಷ್ಯನೂ 70 ಕೆ.ಜಿ.ಯ ಮನುಷ್ಯನೂ ಬಾಟಲಿಯ ಕಣ್ಣಿಗೆ ಒಂದೇ. ನಮ್ಮ ಕಡೆ ಅರವತ್ತು ದಾಟಿದ ಕೂಲಿಯವರಲ್ಲಿ ಐವತ್ತು ಕೆ.ಜಿ. ಮೀರದವರೇ ಎಷ್ಟೋ ಮಂದಿ.

ಈ ಮಿತಿಗಳೂ ದೇವರು ಬರೆದ ಗೆರೆಗಳಲ್ಲ ಎಂಬುದನ್ನೂ ಹೇಳಬೇಕು. ದೇಶದಿಂದ ದೇಶಕ್ಕೆ ಬದಲಾಗುತ್ತವೆ. ದೊಡ್ಡವರಲ್ಲಿ ರಕ್ತದ ಮಟ್ಟ ಎಷ್ಟೇರುತ್ತದೆ ಎಂಬುದಕ್ಕೆ ಕೆ.ಜಿ.ಗಿಂತ ಚುಚ್ಚಿದ ಜಾಗ ಹೆಚ್ಚು ಮುಖ್ಯ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೂ ಬಡಕಲು ಮೈ, ಸವೆದ ಸ್ನಾಯು, ವಯಸ್ಸು, ಇವೆಲ್ಲ ಒಂದೇ ದಿಕ್ಕಿಗೆ ತಳ್ಳುವ ಸಂಗತಿಗಳು. ರಕ್ತಕ್ಕೆ ಬಂದ ಔಷಧವನ್ನು ತಾತ್ಕಾಲಿಕವಾಗಿ ಹೀರಿ ಇಟ್ಟುಕೊಳ್ಳುವುದು ಸ್ನಾಯು, ನಿಧಾನವಾಗಿ ಒಡೆದು ಹಾಕುವುದು ಯಕೃತ್ತು. ಇವರಲ್ಲಿ ಮೊದಲನೆಯದು ಇದ್ದದ್ದೇ ಸ್ವಲ್ಪ, ಎರಡನೆಯದರ ಚುರುಕು ವಯಸ್ಸಿನ ಜೊತೆ ತಗ್ಗಿರುತ್ತದೆ.

ಹೀರುವಿಕೆಯ ಗಡಿಯಾರ

ಸೂಜಿ ನೇರ ರಕ್ತನಾಳಕ್ಕೆ ಹೋಗಿ ಔಷಧ ಅಲ್ಲಿಗೆ ಸುರಿದಿದ್ದರೆ ಒಂದೆರಡು ನಿಮಿಷದಲ್ಲೇ ಗೊತ್ತಾಗುತ್ತದೆ, ಎಷ್ಟೋ ಸಲ ಸೂಜಿ ತೆಗೆಯುವ ಮೊದಲೇ. ಎಲ್ಲರೂ ಎಚ್ಚರವಾಗಿರುವುದು ಆಗಲೇ. ಅಂಗಾಂಶದಿಂದ ಹೀರಿಕೊಂಡು ರಕ್ತದ ಮಟ್ಟ ಏರುವುದಕ್ಕೆ ಹೊತ್ತು ಬೇಕು. ತೋಳಿನ ಬ್ಲಾಕ್‌ಗಳಲ್ಲಿ ಶಿಖರ ಮುಟ್ಟುವುದು ಇಪ್ಪತ್ತು ಮೂವತ್ತು ನಿಮಿಷದ ಸುಮಾರಿಗೆ. ಅಷ್ಟು ಹೊತ್ತಿಗೆ ಬ್ಲಾಕ್ ಕೊಟ್ಟವರು ಬೇರೆಡೆ ಹೋಗಿರುತ್ತಾರೆ, ಪರದೆ ಕಟ್ಟಿರುತ್ತದೆ, ಹೊಲಿಗೆ ಶುರುವಾಗಿರುತ್ತದೆ, ಎಲ್ಲರಿಗೂ ಬ್ಲಾಕ್ ಹಳೆಯ ಮಾತಾಗಿರುತ್ತದೆ. ನಮ್ಮ ಪ್ರಕರಣದಲ್ಲಿ ಮೂವತ್ತನೆಯ ನಿಮಿಷಕ್ಕೆ, ಮಟ್ಟ ಹೆಚ್ಚೂಕಡಿಮೆ ನೆತ್ತಿಯಲ್ಲಿರುವಾಗ, ಮೇಲಿನ ಐದು ಎಂ.ಎಲ್. ಬಿತ್ತು.

ಆ ಐದು ಎಂ.ಎಲ್. ಒಂದೇ ಕಾರಣವೇ? ಅಲ್ಲ ಎಂದು ನನ್ನ ಅಭಿಪ್ರಾಯ. 100 ಮಿ.ಗ್ರಾಂ. ಲಿಗ್ನೊಕೇನ್ ಪೂರ್ತಿ ರಕ್ತನಾಳಕ್ಕೆ ಹೋಗಿದ್ದರೂ ಕೆ.ಜಿ.ಗೆ ಎರಡಾಯಿತು. ತಾಳ ತಪ್ಪಿದ ಹೃದಯಕ್ಕೆ ನಾವೇ ಕೈಯಾರೆ ಒಂದು, ಒಂದೂವರೆಯಷ್ಟು ಕೊಡುತ್ತೇವೆ. ಅಷ್ಟರಿಂದಲೇ ಕ್ಯೂಆರ್‌ಎಸ್ ಅಗಲವಾಗಿ ಬಿಪಿ ಈ ಪರಿ ಕುಸಿಯುವುದಿಲ್ಲ. ಹೃದಯದ ಮೇಲೆ ಬಿದ್ದ ಹೊರೆ ಹೆಚ್ಚಾಗಿ ಬ್ಯುಪಿವಕೇನಿನದು. ಲಿಗ್ನೊಕೇನ್ ಸೋಡಿಯಂ ಬಾಗಿಲಿಗೆ ಬೇಗ ಅಂಟಿ ಬೇಗ ಬಿಡುತ್ತದೆ, ಬ್ಯುಪಿವಕೇನ್ ಬೇಗ ಅಂಟಿ ನಿಧಾನವಾಗಿ ಬಿಡುತ್ತದೆ, ಎರಡು ಬಡಿತದ ನಡುವೆ ಬಿಡಲು ಅದಕ್ಕೆ ಹೊತ್ತೇ ಸಾಲದು. ಈ ಔಷಧದಿಂದ ಹೃದಯ ನಿಂತರೆ ಮತ್ತೆ ಎಬ್ಬಿಸುವುದು ಬಲು ಕಷ್ಟ ಎಂದು 1979ರಲ್ಲೇ ಆಲ್‌ಬ್ರೈಟ್ ಎಂಬ ಅಮೆರಿಕದ ವೈದ್ಯರು ಎಚ್ಚರಿಸಿದ್ದರು. ಅದೇ ಜಾತಿಯ ರೋಪಿವಕೇನ್, ಲೆವೊಬ್ಯುಪಿವಕೇನ್‌ಗಳು ಬಳಕೆಗೆ ಬಂದದ್ದರ ಹಿಂದೆ ಆ ಭಯವಿದೆ.

ಚುಚ್ಚಿದ ಜಾಗದ ವಿಚಾರಕ್ಕೆ ಬಂದರೆ, ಅತಿ ಬೇಗ ಹೀರಿಕೊಳ್ಳುವುದು ಪಕ್ಕೆಲುಬುಗಳ ನಡುವಿನ ಜಾಗ, ನಂತರ ಬೆನ್ನೆಲುಬಿನೊಳಗೆ ಕೊಡುವ ಕಾಡಲ್, ಎಪಿಡ್ಯೂರಲ್, ಆಮೇಲೆ ತೋಳಿನ ನರಜಾಲ, ತೊಡೆ ಕಾಲಿನವು ಕೊನೆಗೆ. ಕಂಕುಳು ನಡುವಿನಲ್ಲಿದೆ ಎಂದು ನೆಮ್ಮದಿಪಡುವಂತಿಲ್ಲ, ಅಲ್ಲಿ ಅಪಧಮನಿಯ ಸುತ್ತ ಎಷ್ಟೋ ಅಭಿಧಮನಿಗಳು ಹೆಣೆದುಕೊಂಡಿರುತ್ತವೆ. ಸಿರಿಂಜ್ ಹಿಂದಕ್ಕೆಳೆದಾಗ ರಕ್ತ ಬರಲಿಲ್ಲ ಎಂಬುದೂ ಪೂರ್ತಿ ಭರವಸೆಯಲ್ಲ, ತೆಳು ಅಭಿಧಮನಿ ಎಳೆತಕ್ಕೆ ಮುಚ್ಚಿಕೊಂಡು ಸುಳ್ಳು ಹೇಳಬಹುದು.

ಅಡ್ರಿನಲಿನ್ ಇತ್ತಲ್ಲ ಎಂದು ಕೇಳಬಹುದು. ಅದರ ಕೆಲಸ ಸುತ್ತಲ ರಕ್ತನಾಳಗಳನ್ನು ಬಿಗಿಸಿ ಹೀರುವಿಕೆಯನ್ನು ತಡಮಾಡುವುದು. ಕೆ.ಜಿ.ಗೆ 3 ಇದ್ದ ಮಿತಿ 7ಕ್ಕೆ ಏರಿದ್ದೇ ಆ ನಂಬಿಕೆಯ ಮೇಲೆ. ಆದರೆ ಬಾಟಲಿಯಲ್ಲಿ ಎಂ.ಎಲ್.ಗೆ 5 ಮೈಕ್ರೊಗ್ರಾಂ ಇದ್ದ ಅಡ್ರಿನಲಿನ್, ಅಷ್ಟೇ ಬ್ಯುಪಿವಕೇನ್ ಬೆರೆಸಿದ ಕೂಡಲೇ ಎರಡೂವರೆಗೆ ಇಳಿಯಿತು. ಮಿತಿ ಮಾತ್ರ ಏಳರಲ್ಲೇ ಉಳಿಯಿತು. ಬ್ಯುಪಿವಕೇನ್ ಮೇಲೆ ಅಡ್ರಿನಲಿನ್ನಿನ ಹಿಡಿತ ಮೊದಲೇ ಸಡಿಲ. ಬೆರೆಸುವ ಪದ್ಧತಿಯ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಒಂದು ಔಷಧದ ಲೆಕ್ಕ ಹಿಡಿದು ಇನ್ನೊಂದನ್ನು ಕೊಡುತ್ತಿರುತ್ತೇವೆ.

ಇನ್ನೊಂದು ತಪ್ಪು ನಂಬಿಕೆ: ಟೂರ್ನಿಕೆ ಕಟ್ಟಿದೆ, ಔಷಧ ಕೈಯಲ್ಲೇ ಇರುತ್ತದೆ ಎಂಬುದು. ಬಿಯರ್ ಬ್ಲಾಕ್‌ನಲ್ಲಿ ಹೌದು, ಅಲ್ಲಿ ಔಷಧವನ್ನು ಪಟ್ಟಿಯ ಕೆಳಗಿನ ರಕ್ತನಾಳಕ್ಕೇ ಕೊಡುತ್ತೇವೆ. ಕಂಕುಳಿನ ಬ್ಲಾಕ್‌ನ ಔಷಧ ಇರುವುದು ಪಟ್ಟಿಯ ಮೇಲ್ಗಡೆ. ಅದಕ್ಕೆ ಯಾವ ತಡೆಯೂ ಇಲ್ಲ.

ಬಿಳಿ ಬಾಟಲಿ

ಲಿಪಿಡ್‌ನ ಕಥೆಗೆ ಹೆಚ್ಚು ವಯಸ್ಸಾಗಿಲ್ಲ. 1998ರಲ್ಲಿ ವೈನ್‌ಬರ್ಗ್ ಮತ್ತು ಸಂಗಡಿಗರು, ಕೊಬ್ಬಿನ ದ್ರವ ಕೊಟ್ಟ ಇಲಿಗಳು ಹೆಚ್ಚು ಬ್ಯುಪಿವಕೇನ್ ತಡೆದುಕೊಳ್ಳುತ್ತವೆ ಎಂದು ತೋರಿಸಿದರು. 2006ರಲ್ಲಿ ನ್ಯೂಯಾರ್ಕಿನಲ್ಲಿ, ಭುಜದ ಶಸ್ತ್ರಚಿಕಿತ್ಸೆಗೆಂದು ಬ್ಯುಪಿವಕೇನ್, ಮೆಪಿವಕೇನ್ ಬೆರೆಸಿ ಬ್ಲಾಕ್ ಕೊಟ್ಟ ರೋಗಿಯ ಹೃದಯ ನಿಂತು, ಇಪ್ಪತ್ತು ನಿಮಿಷದ ಪ್ರಯತ್ನಕ್ಕೂ ಜಗ್ಗದೆ, ಲಿಪಿಡ್ ಕೊಟ್ಟ ಮೇಲೆ ಬಡಿಯತೊಡಗಿತು. ಅಲ್ಲೂ ಮಿಶ್ರಣವೇ ಎಂಬುದನ್ನು ಗಮನಿಸಿ. ಕೊಬ್ಬಿನ ಕಣಗಳು ಔಷಧವನ್ನು ಹೃದಯ, ಮಿದುಳಿನಿಂದ ಎತ್ತಿಕೊಂಡು ಸ್ನಾಯು, ಯಕೃತ್ತಿಗೆ ಸಾಗಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಹೃದಯದ ಸ್ನಾಯುವಿಗೂ ಅದರಿಂದ ನೇರವಾಗಿ ಒಂದಿಷ್ಟು ಬಲ ಸಿಗುತ್ತದೆ.

ವಾರ್ಡ್‌ಬಾಯ್ ಕೆಳಗೆ ಓಡಿದ್ದಾಗ ಥಿಯೇಟರಿನಲ್ಲಿ ಯಾರೋ, "ಪ್ರೊಪೊಫಾಲೂ ಲಿಪಿಡ್ಡೇ ಅಲ್ವಾ, ಅದನ್ನೇ ಕೊಡ್ಬಹುದಲ್ಲ?" ಎಂದರು. ರೋಗಿಯನ್ನು ಪೂರ್ತಿ ಮಲಗಿಸಲು ಕೊಡುವ ಪ್ರೊಪೊಫಾಲ್ ಹಾಲಿನಂತಿರುವುದು ನಿಜ, ಅದರಲ್ಲಿ 10% ಕೊಬ್ಬಿರುವುದೂ ನಿಜ. 70 ಎಂ.ಎಲ್. 20% ಲಿಪಿಡ್‌ನಲ್ಲಿ 14 ಗ್ರಾಂ ಕೊಬ್ಬು. ಅಷ್ಟೇ ಕೊಬ್ಬು ಪ್ರೊಪೊಫಾಲ್‌ನಿಂದ ಬೇಕೆಂದರೆ 140 ಎಂ.ಎಲ್. ಕೊಡಬೇಕು, ಅದರ ಜೊತೆಗೆ 1400 ಮಿ.ಗ್ರಾಂ. ಪ್ರೊಪೊಫಾಲ್ ಹೋಗುತ್ತದೆ. ಈ ತೂಕದವರನ್ನು ಮಲಗಿಸಲು 90ರಷ್ಟೇ ಹೆಚ್ಚು. ಬಿಪಿ 70 ಇರುವ ರೋಗಿಗೆ ಅದರ ಹತ್ತನೇ ಒಂದು ಪಾಲು ಕೊಟ್ಟರೂ ಬಿಪಿ ಎದ್ದು ನಿಲ್ಲುವುದಿಲ್ಲ.

ರಕ್ತದ ಸ್ಯಾಂಪಲ್ ತೆಗೆಯುವುದಿದ್ದರೆ ಲಿಪಿಡ್‌ಗೆ ಮುಂಚೆ ತೆಗೆದಿಟ್ಟುಕೊಳ್ಳಬೇಕು. ಆ ಗದ್ದಲದಲ್ಲಿ ಅದು ಆಗಲಿಲ್ಲ. ಅರ್ಧ ಗಂಟೆಯ ನಂತರ ಕಳಿಸಿದ ಸ್ಯಾಂಪಲ್ ಕೈಗೆ ಬಂದ ಕೂಡಲೇ ಲ್ಯಾಬಿನಿಂದ ಫೋನ್: "ಮೇಡಂ, ಸೀರಮ್ ಹಾಲ್ ಹಾಲಾಗಿದೆ, ಮೆಷೀನ್ ತಗೊಳ್ತಿಲ್ಲ." ಸಂಜೆಯವರೆಗೆ ಕಾಯಬೇಕಾಯಿತು.

ಫಿಟ್ಸ್ ಮಾತ್ರ ಬಂದಿದ್ದರೆ ಎರಡು ಗಂಟೆ ನೋಡಿಕೊಂಡರೆ ಸಾಕು. ಹೃದಯಕ್ಕೆ ತಟ್ಟಿದ ಮೇಲೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ಲಿಪಿಡ್‌ನ ಪರಿಣಾಮ ಇಳಿದ ಮೇಲೆ ಬಿಪಿ ಮತ್ತೆ ಕುಸಿಯಬಹುದು. ಇವರನ್ನು ಒಂದು ದಿನ ಐಸಿಯುನಲ್ಲೇ ಇಟ್ಟುಕೊಂಡೆವು. ನಾಲ್ಕರ ಹೊತ್ತಿಗೆ ಕೊಳವೆ ತೆಗೆದಾಗ ಕಣ್ಣು ಬಿಟ್ಟು ಕೇಳಿದ್ದು, "ಕೈ ಎಲ್ಲದೆ?" ಬ್ಲಾಕ್ ಆಗಲೂ ಇಳಿದಿರಲಿಲ್ಲ.

ಎರಡನೆಯ ಸಲ

ಐದನೆಯ ದಿನ ಮೈಸೂರಿನಿಂದ ಕೈ ಶಸ್ತ್ರಚಿಕಿತ್ಸಕರೊಬ್ಬರು ಬಂದರು. ಎದೆ ಇನ್ನೂ ಸಿಳ್ಳೆ ಹಾಕುತ್ತಿತ್ತು, ಹಾಗಾಗಿ ಈ ಸಲವೂ ಕಂಕುಳಿನ ಬ್ಲಾಕೇ. ಮಧ್ಯಾಹ್ನದ ಹೊತ್ತು ಗೊತ್ತುಮಾಡಿಕೊಂಡು ಅಲ್ಟ್ರಾಸೌಂಡ್ ಯಂತ್ರ ಥಿಯೇಟರಿಗೆ ಬಂತು. ಅದರ ಪರದೆಯಲ್ಲಿ ಅಪಧಮನಿಯ ಸುತ್ತ ನರಗಳು ಕಾಣುತ್ತವೆ, ಸೂಜಿಯ ತುದಿ ಕಾಣುತ್ತದೆ, ಔಷಧ ನರದ ಸುತ್ತ ಹರಡುವುದು ಕಾಣುತ್ತದೆ. ತಳ್ಳಿದರೂ ಹರಡುವುದು ಕಾಣದಿದ್ದರೆ ಅದು ರಕ್ತನಾಳಕ್ಕೆ ಹೋಗುತ್ತಿದೆ ಎಂದೇ ಅನುಮಾನಿಸಿ ನಿಲ್ಲಿಸಬೇಕು. ನರ ಎಲ್ಲಿದೆಯೆಂದು ಗೊತ್ತಿದ್ದಾಗ ಮೂವತ್ತು ಎಂ.ಎಲ್. ಸುರಿಯುವ ಅಗತ್ಯವಿರುವುದಿಲ್ಲ. 0.5% ರೋಪಿವಕೇನ್ 18 ಎಂ.ಎಲ್., 90 ಮಿ.ಗ್ರಾಂ. ಮಿತಿ ಕೆ.ಜಿ.ಗೆ 3ರಂತೆ 138, ಅಂದರೆ ನೂರಕ್ಕೆ 65 ಪಾಲು. ತೋಳಿನ ಒಳಬದಿಯ ಚರ್ಮಕ್ಕೆ ಬೇಕಾದ ಮೂರು ಎಂ.ಎಲ್.ಅನ್ನೂ ಆ ಹದಿನೆಂಟರಲ್ಲೇ ತೆಗೆದಿಟ್ಟಿದ್ದೆ. ಶಸ್ತ್ರಚಿಕಿತ್ಸಕರ ಟ್ರೇಯಲ್ಲಿ ಲಿಗ್ನೊಕೇನ್ ಬಾಟಲಿ ಇರಲಿಲ್ಲ. ಬೇಕಿದ್ದರೆ ನನ್ನನ್ನು ಕೇಳಬೇಕು, ಇನ್ನೆಷ್ಟು ಉಳಿದಿದೆ ಎಂದು ನಾನು ಹೇಳುತ್ತೇನೆ ಎಂದು ಮೊದಲೇ ಮಾತಾಗಿತ್ತು. ಒಂದೂವರೆ ಗಂಟೆಯ ಕೆಲಸ, ತೊಂದರೆಯಾಗಲಿಲ್ಲ.

ಆಮೇಲೆ ಥಿಯೇಟರಿನಲ್ಲಿ ಉಳಿದದ್ದು ಎರಡು. ಮಾರ್ಕರಿನಿಂದ ಬರೆದು ಅಳಿಸುವ ಬೋರ್ಡಿನ ಮೇಲೆ ರೋಗಿಯ ತೂಕದ ಪಕ್ಕದಲ್ಲಿ ಲೋಕಲ್ ಔಷಧದ ಲೆಕ್ಕ, ಮಿ.ಗ್ರಾಂ.ನಲ್ಲಿ. ಯಾರು ಕೊಟ್ಟರೂ ಅಲ್ಲೇ ಬರೆಯಬೇಕು. ಇನ್ನೊಂದು, ಲಿಪಿಡ್‌ನ ಎರಡು ಬಾಟಲಿ ಥಿಯೇಟರಿನ ಒಳಗೇ. ಇದಕ್ಕೆ ಆಡಳಿತದವರ ಗೊಣಗಾಟ ಇದ್ದೇ ಇದೆ, ಬಳಸದೆ ಅವಧಿ ಮುಗಿದರೆ ದುಡ್ಡು ದಂಡ ಎಂದು. ಅವಧಿಗೆ ಮೂರು ತಿಂಗಳಿರುವಾಗಲೇ ಐಸಿಯುಗೆ ಕೊಟ್ಟು ಹೊಸದನ್ನು ತಂದಿಡಿ ಎಂದೆ. ಐಸಿಯುನಲ್ಲಿ ಅದು ಹೇಗೂ ಖರ್ಚಾಗುತ್ತದೆ.

ಡಿಸ್ಚಾರ್ಜ್ ದಿನ ಮಗ ಬಂದು ಕೇಳಿದ: "ಮೇಡಂ, ಅಪ್ಪಂಗೆ ಆ ಇಂಜೆಕ್ಷನ್ ಆಗಲ್ಲ ಅಂತ ಬರ್ಕೊಡಿ. ಅವತ್ತು ಟೆಸ್ಟ್ ಡೋಸ್ ಕೊಟ್ಟು ನೋಡಿದ್ರಲ್ಲ, ಆಗ ಯಾಕೆ ಗೊತ್ತಾಗ್ಲಿಲ್ಲ?" ಮುಂಗೈ ಚರ್ಮದಡಿಗೆ ಒಂದು ಹನಿ ಲಿಗ್ನೊಕೇನ್ ಕೊಟ್ಟು, ಸುತ್ತ ಪೆನ್ನಿನಲ್ಲಿ ವೃತ್ತ ಬರೆದು, ಕಾಲು ಗಂಟೆ ಕಾಯುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಇದೆ. ಆ ವೃತ್ತ ಅಲರ್ಜಿಯನ್ನು ಹುಡುಕುತ್ತದೆ, ಈ ಜಾತಿಯ ಔಷಧಗಳಿಗೆ ನಿಜವಾದ ಅಲರ್ಜಿ ತೀರಾ ಅಪರೂಪ. ನಂಜು ಎಂಬುದು ಪ್ರಮಾಣದ ಮಾತು. ಒಂದು ಹನಿಗೆ ಏನೂ ಆಗದ ಮೈ ಮೂವತ್ತೈದು ಎಂ.ಎಲ್.ಗೂ ಏನೂ ಆಗದೆ ಇರುತ್ತದೆ ಎಂದು ಆ ವೃತ್ತ ಹೇಳಲಾರದು. ಅಲರ್ಜಿ ಎಂದು ಚೀಟಿಯಲ್ಲಿ ಬರೆದರೆ ಮುಂದೆ ಹಲ್ಲು ಕೀಳಿಸಲು ಹೋದಾಗಲೂ ಇವರಿಗೆ ಯಾರೂ ಇಂಜೆಕ್ಷನ್ ಕೊಡಲು ಒಪ್ಪುವುದಿಲ್ಲ, ನಡು ಕೆಳಗಿನ ಶಸ್ತ್ರಚಿಕಿತ್ಸೆಗೂ ಬೆನ್ನಿಗೆ ಕೊಡದೆ, ಆ ಎದೆ ಇಟ್ಟುಕೊಂಡೇ ಪೂರ್ತಿ ಮಲಗಿಸುತ್ತಾರೆ.

ಮಗನಿಗೆ ಇದನ್ನೆಲ್ಲ ಹೇಳಿ, ಚೀಟಿಯಲ್ಲಿ ಕನ್ನಡದಲ್ಲೇ ಬರೆದೆ: "ಲಿಗ್ನೊಕೇನ್, ಬ್ಯುಪಿವಕೇನ್‌ಗೆ ಅಲರ್ಜಿ ಇಲ್ಲ. ಪ್ರಮಾಣ ಹೆಚ್ಚಾಗಿ ಫಿಟ್ಸ್ ಬಂದು ಬಿಪಿ ಇಳಿದಿತ್ತು. ತೂಕ 46 ಕೆ.ಜಿ. ಮುಂದೆ ಕೊಡುವಾಗ ತೂಕಕ್ಕೆ ಲೆಕ್ಕ ಹಾಕಿ, ಎಲ್ಲ ಔಷಧ ಒಟ್ಟು ಕೂಡಿ ಕೊಡುವುದು. ಐದನೆಯ ದಿನ ರೋಪಿವಕೇನ್ 90 ಮಿ.ಗ್ರಾಂ. ಕೊಟ್ಟಿದ್ದು ತೊಂದರೆಯಾಗಿಲ್ಲ."